ಕೈಗಿಂತ ಮೊದಲು ಜಾರುವುದು
ಗಮನ ಜಾರಿತೆಂದು ಮೊಬೈಲನ್ನು ದೂರುವುದು ಸುಲಭ. ಆದರೆ ಕೈ ಅತ್ತ ಚಾಚುವ ಮೊದಲೇ ಮನಸ್ಸಿನಲ್ಲಿ ಬೇಸರವೋ ಅಂಜಿಕೆಯೋ ಕೆಲಸ ಕೆಟ್ಟೀತೆಂಬ ಅಳುಕೋ ಎದ್ದಿರುತ್ತದೆ. ಅದರಿಂದ ಅರೆಗಳಿಗೆ ತಪ್ಪಿಸಿಕೊಳ್ಳುವ ಕಳ್ಳದಾರಿಯೇ ಅನ್ಯಮನಸ್ಕತೆ. ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಮಂಗಕ್ಕೆ ಹೋಲಿಸಿದ ಬಸವಣ್ಣನವರ ಕಾಲದಲ್ಲಿ ಮೊಬೈಲ್ ಇರಲಿಲ್ಲ ಎಂಬುದನ್ನು ಮರೆಯಬಾರದು. ಹಾರ್ವರ್ಡ್‌ನ ಇಬ್ಬರು ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ 2,250 ಜನರನ್ನು ವಿಚಾರಿಸಿದಾಗ, ಎಚ್ಚರದ ಹೊತ್ತಿನ ಶೇಕಡ ಸುಮಾರು 47 ಪಾಲು ಮನಸ್ಸು ಮಾಡುವ ಕೆಲಸದ ಮೇಲಿರಲಿಲ್ಲ. ಜಮಖಂಡಿ ತಾಲ್ಲೂಕಿನ ತುಬಚಿಯ ಕಬ್ಬಿನ ರೈತನಿಗೆ ಇದು ಹೊಸ ಸುದ್ದಿಯಲ್ಲ: ಗದ್ದೆಗೆ ನೀರು ಹಾಯಿಸುತ್ತಿದ್ದರೂ ತಲೆಯೊಳಗೆ ಕಾರ್ಖಾನೆಯಿಂದ ಬಾರದ ಕಬ್ಬಿನ ಬಿಲ್ಲು, ತೀರದ ಸಾಲ, ಮಳೆಗಾಲವಾದರೆ 2005 ಮತ್ತು 2019ರಲ್ಲಿ ಜಮಖಂಡಿ ಸೀಮೆಯನ್ನು ಮುಳುಗಿಸಿದ ಕೃಷ್ಣೆ. ಇಂಥ ಚಿಂತೆಯನ್ನು ಒದ್ದೋಡಿಸಲು ಹೋದರೆ ಅದು ದುಪ್ಪಟ್ಟಾಗಿ ಮರಳುತ್ತದೆ. ಬದಲಿಗೆ ಅದಕ್ಕೊಂದು ಹೆಸರಿಡಬೇಕು. ‘ಇದು ಹೆದರಿಕೆ’ ಎಂದು ಮಾತಿಗೆ ತಂದರೆ ಭಾವನೆಯ ಬಿಸಿ ತುಸು ಇಳಿಯುತ್ತದೆ ಎಂದು ಮೆದುಳಿನ ಅಧ್ಯಯನಗಳೂ ತೋರಿಸಿವೆ. ಆಮೇಲೆ ಚಿಂತೆಗೊಂದು ಹೊತ್ತು ಗೊತ್ತುಮಾಡಿ ಚೀಟಿಯಲ್ಲಿ ಬರೆದಿಟ್ಟು, ಕೆಲಸವನ್ನು ಚಿಕ್ಕ ತುಂಡು ಮಾಡಿಕೊಳ್ಳುವುದು. ರಬಕವಿ-ಬನಹಟ್ಟಿಯ ನೇಕಾರ ಎಳೆ ಹರಿದಾಗ ಮಾಡುವುದೂ ಇದನ್ನೇ: ಮಗ್ಗವನ್ನು ಬೈಯದೆ ನಿಲ್ಲಿಸಿ, ಹರಿದ ಎಳೆ ಹುಡುಕಿ, ಗಂಟು ಹಾಕಿ, ಮತ್ತೆ ಲಾಳಿ ಬಿಡುತ್ತಾನೆ. ಮೊಬೈಲಿನ ಗಂಟೇ ಕೈಮೀರಿದ್ದರೆ ನೆರವೂ ಉಂಟು. ತಂತ್ರಜ್ಞಾನದ ಅತಿಬಳಕೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ತೆರೆದಿದೆ.