ಕುಬಸದ ಸೀರಿ ಸಾಕು, ತಾಯಿ ಕಾರ್ಡೂ ನೋಡ್ರಿ

"ನಾವೇನು ನಾಕು ಹಡೀಲಿಲ್ಲೇನು? ಆವಾಗೆಲ್ಲಿದ್ವು ಈ ಟೆಸ್ಟು?" ಬಸರಿ ಇರೋ ಮನ್ಯಾಗ ಈ ಮಾತು ಇದ್ದದ್ದ. ಹೌದ್ರಿ, ಹಡದ್ರಿ, ಉಳದ್ರಿ. ಆದ್ರ ಬಾಣಂತನದಾಗ ಹೋದವ್ರು, ಮಣ್ಣಾದ ಕೂಸುಗೋಳು ಬಂದು ಸಾಕ್ಷಿ ಹೇಳೂದಿಲ್ಲಲ್ಲ. ಉಳದವ್ರ ಮಾತಷ್ಟ ಕೇಳಿ ಲೆಕ್ಕಾ ಹಾಕಬ್ಯಾಡ್ರಿ.

ಐದರಾಗೋ ಏಳರಾಗೋ ಕುಬಸ ಮಾಡ್ತೀವಿ. ಹಸರು ಸೀರಿ, ಹಸರು ಬಳಿ, ತಾಟ ತುಂಬ ಸಿಹಿ. ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಆ ಹುಡುಗಿಗೆ ಶುಗರ್ ಎಷ್ಟದ ಅಂತ ಯಾರರೆ ಕೇಳೀರೇನು? 75 ಗ್ರಾಂ ಗ್ಲೂಕೋಸ್ ನೀರಾಗ ಕಲಸಿ ಕುಡಿಸಿ, ಎರಡು ತಾಸಿಗೆ ರಕ್ತ ನೋಡ್ತಾರ. 140 ಮುಟ್ಟಿದ್ರ ಬಸರಿ ಶುಗರ್. ತಾಯಿಗೆ ಏನೂ ಅನಸೂದಿಲ್ಲ. ಪರೀಕ್ಷಾ ಮಾಡಿದ್ರಷ್ಟ ತಿಳೀತದ. ಆ ಸಕ್ರಿ ಕೂಸಿಗೂ ಹೋಗ್ತದ. ಕೂಸು ಇನ್ಸುಲಿನ್ ಹೆಚ್ಚು ಮಾಡಿ ದಪ್ಪ ಆಗ್ತದ, ಹಡಿಯೋ ಹೊತ್ತಿಗೆ ಭುಜ ಸಿಕ್ಕೋಬಹುದು. ಹೊಕ್ಕಳಬಳ್ಳಿ ಕೊಯ್ದ ಮ್ಯಾಲೆ ತಾಯಿ ಸಕ್ರಿ ನಿಲ್ತದ, ಕೂಸಿನ ಇನ್ಸುಲಿನ್ ಲಗೂನ ನಿಲ್ಲೂದಿಲ್ಲ. ಶುಗರ್ ಥಟ್ಟನ ಇಳೀಬಹುದು. "ಗುಂಡಗ ಅದ" ಅಂತ ಹಿಗ್ಗೂ ಮುಂದ ಇದು ನೆನಪಿರ್ಲಿ.

ಇನ್ನ ಕಬ್ಬಿಣದ ಗುಳಿಗಿ ತಿಂದ್ರ ಕೂಸು ಕಪ್ಪ ಹುಟ್ತದಂತ! ಕಪ್ಪಾಗೂದು ಸಂಡಾಸ ಅಷ್ಟ. ಹಿಮೋಗ್ಲೋಬಿನ್ 11ರ ಕೆಳಗ ಹೋದ್ರ ರಕ್ತ ಕಡಿಮಿ ಅಂತ ಲೆಕ್ಕ. ಅದು ಭಾಳ ಇಳದ್ರ ಕೂಸು ದಿನಾ ತುಂಬೋಕಿಂತ ಮೊದಲ, ತೂಕ ಇಲ್ದ ಹುಟ್ಟೋ ಭಯ ಹೆಚ್ಚು.

ರೊಕ್ಕದ ನೆವಾ ಹೇಳಬ್ಯಾಡ್ರಿ. ಪ್ರತಿ ತಿಂಗಳ 9ಕ್ಕ ಸರ್ಕಾರಿ ದವಾಖಾನ್ಯಾಗ ಬಸರೇರ ತಪಾಸಣಿ ಪುಕ್ಕಟ. ಕುಬಸಕ್ಕ ಮುಹೂರ್ತ ಹುಡುಕೋ ಅತ್ತಿಯವರ, ಆ ತಾರೀಖಿಗೂ ಒಂದು ಗುರ್ತು ಹಾಕ್ರಿ, ಸೊಸಿ ಕೈ ಹಿಡದು ನೀವ ಕರ್ಕೊಂಡು ಹೋಗ್ರಿ.