ಭಾಷೆ ಓದಿ ಏನು ಮಾಡ್ತಾಳೆ ಅಂತ ಕೇಳುವ ಅಪ್ಪಂದಿರಿಗೆ

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಕೋಲಾರದ ಕಡೆ ಮನೆಮನೆಯಲ್ಲೂ ಒಂದು ಪಂಚಾಯ್ತಿ ನಡೆಯುತ್ತದೆ. ಸೈನ್ಸ್ ಮಾಡಿದವರಿಗೆ ನರ್ಸಿಂಗು, ಕಾಮರ್ಸ್ ಮಾಡಿದವರಿಗೆ ಬಿಕಾಂ, ಆರ್ಟ್ಸ್ ಮಾಡಿದವರಿಗೆ ಬಿಎ, ಆಮೇಲೆ ಬಿಎಡ್. ಪಂಚಾಯ್ತಿ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಯಾಕೆಂದರೆ ಬೇರೆ ದಾರಿ ಯಾರಿಗೂ ಗೊತ್ತಿರುವುದಿಲ್ಲ.

ಹೋದ ವರ್ಷ ವೇಮಗಲ್ ಕಡೆಯ ಒಬ್ಬ ರೈತರು ಫೋನ್ ಮಾಡಿದ್ದರು. ಪೇಪರ್‌ನವರು ಅಂದ ಮೇಲೆ ರೇಷನ್ ಕಾರ್ಡಿನಿಂದ ಕಾಲೇಜು ಸೀಟಿನವರೆಗೆ ಎಲ್ಲವೂ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಸುದ್ದಿಗಿಷ್ಟು ಅಂತ ದುಡ್ಡು ತೆಗೆದುಕೊಳ್ಳುವ ನನ್ನಂಥ ಸ್ಟ್ರಿಂಗರ್‌ಗೆ ಸಿಗುವ ಮರ್ಯಾದೆ ಅದೊಂದೇ, ಇರಲಿ ಬಿಡಿ. ಅವರು ಕೇಳಿದ್ದು ಇಷ್ಟು: "ಸಾರ್, ಮಗಳು ಜಪಾನ್ ಭಾಷೆ ಓದ್ತೀನಿ ಅಂತ ಹಟ ಹಿಡಿದವಳೆ. ಭಾಷೆ ಓದಿ ಏನ್ ಮಾಡ್ತಾಳೆ? ಭಾಷೆ ಮಾತಾಡೋಕಲ್ವಾ ಇರೋದು?"

ಅವರ ಮನೆಮಾತು ತೆಲುಗು. ಶಾಲೆ ಕಲಿತದ್ದು ಕನ್ನಡದಲ್ಲಿ. ಟೊಮೆಟೊ ಮಂಡಿಯಲ್ಲಿ ಉರ್ದು, ಕೆಜಿಎಫ್ ಕಡೆಯ ನೆಂಟರ ಜೊತೆ ತಮಿಳು. ನಾಲ್ಕು ಭಾಷೆಯಲ್ಲಿ ವ್ಯಾಪಾರ ಮಾಡುವ ಮನುಷ್ಯರು ಭಾಷೆಯನ್ನು ಒಂದು ವಿದ್ಯೆ ಎಂದೇ ಎಣಿಸಿಲ್ಲ. ತಪ್ಪು ಅವರದ್ದಲ್ಲ. ನಮ್ಮ ಕಾಲೇಜುಗಳಲ್ಲೂ ಭಾಷೆ ಅಂದರೆ ಪಾಸಾಗಬೇಕಾದ ಎರಡು ಪೇಪರ್ ಅಷ್ಟೆ. ಪಟ್ಟಣದ ಮಕ್ಕಳು ಪಿಯುಸಿಯಲ್ಲಿ ಸಂಸ್ಕೃತವನ್ನೋ ಫ್ರೆಂಚನ್ನೋ ತೆಗೆದುಕೊಳ್ಳುವುದೂ ಬಹುಪಾಲು ಮಾರ್ಕ್ಸ್‌ಗೋಸ್ಕರವೇ.

ನನ್ನ ವಾದ ಹೀಗಿದೆ. ವಿಶ್ವವಿದ್ಯಾಲಯದಲ್ಲಿ ವಿದೇಶಿ ಭಾಷೆಯನ್ನೇ ಮುಖ್ಯ ವಿಷಯವಾಗಿ ಓದುವುದು ದೊಡ್ಡ ಊರಿನ ಇಂಗ್ಲಿಷ್ ಮೀಡಿಯಂ ಮಕ್ಕಳ ಸೊತ್ತು ಎಂದು ನಾವು ಬಿಟ್ಟುಕೊಟ್ಟಿದ್ದೇವೆ. ಅದರಲ್ಲಿ ನಮ್ಮ ಮಕ್ಕಳಿಗೆ ಇರುವ ಅನುಕೂಲವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಆ ಹುಡುಗಿ ಕೇಳಿದ ಜಪಾನಿಯನ್ನೇ ನೋಡಿ. "ನಾನು ಅನ್ನ ತಿಂದೆ" ಎಂಬುದಕ್ಕೆ ಅವರು "ವತಾಶಿ ವ ಗೋಹನ್ ಓ ತಾಬೆಮಾಶಿತ" ಅನ್ನುತ್ತಾರೆ. ನಾನು, ಅನ್ನ, ತಿಂದೆ. ಕ್ರಿಯಾಪದ ಕೊನೆಗೆ, ನಮ್ಮ ಹಾಗೆಯೇ. "ತೋಕ್ಯೋ ನಿ" ಅಂದರೆ ಟೋಕಿಯೋಗೆ. ನಮ್ಮ "ಗೆ" ಪದದ ಹಿಂದೆ ಬರುವ ಹಾಗೆ ಅವರ "ನಿ" ಕೂಡ ಹಿಂದೆಯೇ ಬರುತ್ತದೆ. "ಬರ್ತೀನಿ ಅಂತ ಹೇಳಿದ" ಎನ್ನಲು "ಕುರು ತೊ ಈಮಾಶಿತ". ನಮ್ಮ "ಅಂತ" ಕೂರುವ ಜಾಗದಲ್ಲೇ ಅವರ "ತೊ" ಕೂತಿದೆ. ಇಂಗ್ಲಿಷಿನಲ್ಲಿ ಯೋಚಿಸಿ ಅಭ್ಯಾಸವಾದವರು ಈ ವಾಕ್ಯಗಳನ್ನು ಬಾಲದಿಂದ ತಲೆಗೆ ತಿರುಗಿಸಿಕೊಳ್ಳಬೇಕು. ಕನ್ನಡದ ಹುಡುಗಿಗೆ ಪದ ಬದಲಾಯಿಸಿದರೆ ಸಾಕು.

ಇನ್ನೊಂದು ಕೇಳಿ. ಪಲ್ಯ ಬಡಿಸಿ ಅಮ್ಮ "ತಿಂದು ನೋಡು" ಅನ್ನುತ್ತಾಳಲ್ಲ, ಅಲ್ಲಿ ನೋಡುವುದಕ್ಕೂ ಕಣ್ಣಿಗೂ ಸಂಬಂಧವಿಲ್ಲ. ರುಚಿ ಹೇಗಿದೆ ಹೇಳು ಎಂದರ್ಥ. ಜಪಾನಿನಲ್ಲಿ ಅದಕ್ಕೆ "ತಾಬೆತೆ ಮಿರು" ಎನ್ನುತ್ತಾರೆ. ತಾಬೆತೆ ಅಂದರೆ ತಿಂದು, ಮಿರು ಅಂದರೆ ನೋಡು! ತೆಲುಗಿನವರ "ತಿನಿ ಚೂಡು" ಕೂಡ ಅದೇ. ಮನೆಯಿಂದ ಹೊರಡುವಾಗ ನಾವು "ಹೋಗ್ತೀನಿ" ಅನ್ನುವುದಿಲ್ಲ, ಅಂದರೆ ಅಜ್ಜಿಯರು ಬೈಯುತ್ತಾರೆ. "ಹೋಗಿ ಬರ್ತೀನಿ" ಅನ್ನಬೇಕು. ಜಪಾನಿನ ಮಕ್ಕಳು ಶಾಲೆಗೆ ಹೊರಡುವಾಗ "ಇತ್ತೆಕಿಮಾಸು" ಅನ್ನುತ್ತಾರೆ. ಬಿಡಿಸಿದರೆ ಹೋಗಿ ಬರ್ತೀನಿ ಎಂದೇ ಅರ್ಥ.

ಅವರ ಅಕ್ಷರಮಾಲೆಯ ಸಾಲು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಹೋಗುತ್ತದೆ. ಹೆಚ್ಚಿನವುಗಳಲ್ಲಿ ಐದು ಸ್ವರ. ನಮ್ಮ ಕಾಗುಣಿತದ ನೆನಪಾಗದೆ ಇರುವುದಿಲ್ಲ. ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಹೋದ ಸಂಸ್ಕೃತದ ಅಕ್ಷರ ಪಾಠದ ಪ್ರಭಾವ ಅದು.

ಹಾಗಂತ ಜಪಾನಿ ನಮ್ಮ ಭಾಷೆಯ ನೆಂಟ ಎಂದು ವಾಟ್ಸಾಪ್‌ನಲ್ಲಿ ಹಂಚಬೇಡಿ. ಸುಸುಮು ಓನೋ ಎಂಬ ಜಪಾನಿನ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಎಂದು ವಾದಿಸಿದ್ದರು. ಹೆಚ್ಚಿನ ಭಾಷಾ ವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಕಲಿಯುವುದು ಸುಲಭವೂ ಅಲ್ಲ. ಹಿರಾಗಾನ, ಕತಾಕಾನ ಎಂಬ ಎರಡು ಲಿಪಿ, ಒಂದೊಂದರಲ್ಲಿ 46 ಮೂಲ ಅಕ್ಷರ. ಅದರ ಮೇಲೆ ಚೀನಾದಿಂದ ಬಂದ ಕಾಂಜಿ ಚಿತ್ರಾಕ್ಷರಗಳು. ದಿನಬಳಕೆಗೆಂದು ಅಲ್ಲಿನ ಸರ್ಕಾರ ಪಟ್ಟಿ ಮಾಡಿರುವುದೇ 2,136. ಮೂರು ವರ್ಷ ಪ್ರತಿದಿನ ಬರೆದು ತೀಡಿದರೂ ಮರೆಯುತ್ತಿರುತ್ತವೆ. ನಮ್ಮ ಮಕ್ಕಳಿಗೆ ವಾಕ್ಯ ಸುಲಭ, ಅಕ್ಷರ ಕಷ್ಟ. ಅಷ್ಟನ್ನು ತಿಳಿದೇ ಸೇರಬೇಕು.

"ಈಗ ಮೊಬೈಲೇ ಅನುವಾದ ಮಾಡುತ್ತಲ್ಲ ಸಾರ್" ಎಂದು ಆ ರೈತರ ಹಿರಿಯ ಮಗ ಫೋನ್ ಇಸಿದುಕೊಂಡು ಕೇಳಿದ. ಐಟಿಐ ಮಾಡಿ ಕಂಪನಿಗೆ ಹೋಗುವ ಹುಡುಗ. ಒಳ್ಳೆಯ ಪ್ರಶ್ನೆಯೇ. ಬೋರ್ಡು ಓದಲು, ದಾರಿ ಕೇಳಲು ಮೊಬೈಲ್ ಸಾಕು. ಆದರೆ ನಮ್ಮೂರಿನ ಯಜಮಾನರ ಹತ್ತಿರ ಜಮೀನು ಕೇಳಲು ಹೋದಾಗ ಅವರು "ನೋಡೋಣ ಬಿಡಪ್ಪ" ಅಂದರೆ ನಿಮಗೆ ಏನು ಅರ್ಥವಾಗುತ್ತದೆ? ಕೊಡಲ್ಲ ಅಂತ. ಮೊಬೈಲಿಗೆ ಏನು ಅರ್ಥವಾಗುತ್ತದೆ? ಜಪಾನಿನ ಕಂಪನಿಯವರು ಮೀಟಿಂಗಿನಲ್ಲಿ "ಕೆಂತೋ ಶಿಮಾಸು" ಎಂದರೆ ಪರಿಶೀಲಿಸುತ್ತೇವೆ ಎಂಬುದು ಪದದ ಅರ್ಥ. ಬಹಳ ಸಲ ಅದು ಮರ್ಯಾದೆಯಿಂದ ಹೇಳಿದ "ಇಲ್ಲ". ಇದನ್ನು ತಿಳಿಯದೆ ತಿಂಗಳುಗಟ್ಟಲೆ ಉತ್ತರಕ್ಕೆ ಕಾಯುವವರಿದ್ದಾರೆ.

ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನದ ಕಾರ್ಖಾನೆ ಇದೆ. ಬಿಡದಿಯಲ್ಲಿ ಟೊಯೊಟಾ ಇದೆ. ಜಪಾನಿನ ಪದ್ಧತಿ ಹಿಡಿದ ಕಾರ್ಖಾನೆಗಳಿಗೆ ಹೋಗುವ ನಮ್ಮ ಹುಡುಗರಿಗೆ "ಕೈಜೆನ್", "ಫೈವ್ ಎಸ್" ಬಾಯಿಪಾಠ. ಆ ಐದರಲ್ಲಿ ಕೊನೆಯದು "ಶಿತ್ಸುಕೆ". ಅದನ್ನು ಶಿಸ್ತು ಎಂದು ಹೇಳಿಕೊಡುತ್ತಾರೆ. ಆದರೆ ಜಪಾನಿನಲ್ಲಿ ಅದು ಕಾರ್ಖಾನೆಯಲ್ಲಿ ಹುಟ್ಟಿದ ಪದವಲ್ಲ. ತಾಯಿತಂದೆ ಮಕ್ಕಳಿಗೆ ನಡೆನುಡಿ ಕಲಿಸುತ್ತಾರಲ್ಲ, ಅದಕ್ಕೆ ಹೇಳುವ ಮಾತು. ಆ ಪದವನ್ನು ಒಂದೇ ಚಿತ್ರಾಕ್ಷರದಲ್ಲಿ ಬರೆಯುವುದುಂಟು. ಅದರಲ್ಲಿ ಒಂದು ಪಕ್ಕ ದೇಹ, ಇನ್ನೊಂದು ಪಕ್ಕ ಚೆಲುವು. ಸೂಪರ್‌ವೈಸರ್ ಬೈಗುಳದಲ್ಲಿ ಶಿಸ್ತು ಎಂದು ಕೇಳಿದವನಿಗೂ, ಮನೆಯ ಸಂಸ್ಕಾರ ಎಂದು ತಿಳಿದವಳಿಗೂ ಆ ಬೋರ್ಡು ಒಂದೇ ರೀತಿ ಕಾಣುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಭಾಷೆಯ ಜೊತೆ ಆ ದೇಶದ ಚರಿತ್ರೆ, ಸಾಹಿತ್ಯ, ಸಮಾಜ ಓದಿಸುವುದು ಇದಕ್ಕಾಗಿ.

ಹೊರಗಿನವರು ನಮ್ಮ ಭಾಷೆಯನ್ನು ಹೀಗೆಯೇ ಕಲಿತದ್ದರ ಫಲವನ್ನು ನಾವು ಉಣ್ಣುತ್ತಿದ್ದೇವೆ. ಜುಲೈ 1ರಂದು ಪತ್ರಿಕಾ ದಿನಾಚರಣೆ ಎಂದು ಶಾಲು ಹೊದಿಸಿಕೊಳ್ಳುತ್ತೇವಲ್ಲ, ಅದು 1843ರಲ್ಲಿ ಮಂಗಳೂರು ಸಮಾಚಾರ ಶುರುವಾದ ದಿನ. ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಜರ್ಮನಿಯವರು. 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಕೂಡ ಜರ್ಮನಿಯವರೇ. ಬಂದದ್ದು ಧರ್ಮ ಪ್ರಚಾರಕ್ಕೆ, ನಿಜ. ಆದರೆ ಕನ್ನಡ ಕಲಿತದ್ದು ಕಾಟಾಚಾರಕ್ಕಲ್ಲ.

ಈಗ ದುಡ್ಡಿನ ಮಾತು. ಅಪ್ಪಂದಿರು ಕೇಳುವುದು ಅದನ್ನೇ, ಕೇಳಲೂ ಬೇಕು. ಕಾರ್ಖಾನೆಯಲ್ಲಿ ದುಭಾಷಿ ಹುದ್ದೆ ಬೆರಳೆಣಿಕೆಯಷ್ಟು. ಅದೊಂದನ್ನೇ ನಂಬಿ ಮಗಳನ್ನು ಕಳಿಸಬೇಡಿ. ಕಂಪನಿಗಳ ಅನುವಾದ, ವಿದೇಶಿ ಗ್ರಾಹಕರ ಜೊತೆಗಿನ ಐಟಿ ಕೆಲಸ, ಪ್ರವಾಸೋದ್ಯಮ, ಭಾಷೆ ಕಲಿಸುವುದು, ಇವೆಲ್ಲ ಸೇರಿದರೆ ಒಂದು ಬದುಕು. ಪದವಿಯ ಜೊತೆ ಅಕೌಂಟ್ಸೋ ಕಂಪ್ಯೂಟರೋ ಇನ್ನೊಂದು ಕೈಕಸುಬು ಇದ್ದರೆ ಭಾಷೆಗೆ ಬೆಲೆ ಹೆಚ್ಚು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆ 50,000 ಪೌಂಡ್ ಬಹುಮಾನದಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರ ಪಾಲು. ಎಲ್ಲರಿಗೂ ಬೂಕರ್ ಬರುವುದಿಲ್ಲ. ಆದರೆ ಅನುವಾದ ಮಾಡುವವರಿಗೆ ಬರೆದವರಷ್ಟೇ ಪಾಲು ಕೊಡುವ ಕಡೆಯೂ ಇದೆ ಎಂಬುದು ನಮ್ಮ ಅಪ್ಪಂದಿರಿಗೆ ತಿಳಿದಿರಲಿ.

ಬರೀ ವಿದೇಶದ ಕೆಲಸವೇ ಗುರಿಯಾದರೆ ಭಾಷೆಯ ಪದವಿ ಬೇಕಿಲ್ಲ. ಜಪಾನಿನ ಜೊತೆ ಭಾರತ 2021ರಲ್ಲಿ ನುರಿತ ಕೆಲಸಗಾರರನ್ನು ಕಳಿಸುವ ಒಪ್ಪಂದ ಮಾಡಿಕೊಂಡಿದೆ. ಅದಕ್ಕೆ ಸಾಮಾನ್ಯವಾಗಿ ಎನ್4 ಮಟ್ಟದ ಭಾಷೆ ಮತ್ತು ಆ ಕೆಲಸದ ಪರೀಕ್ಷೆ ಪಾಸಾಗಬೇಕು. ಜರ್ಮನಿ 2024ರಲ್ಲಿ ಭಾರತದ ನುರಿತ ಕೆಲಸಗಾರರಿಗೆ ವರ್ಷದ ವೀಸಾ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಅಂದಿನಿಂದ ಪಟ್ಟಣಗಳ ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ "ಮೂರು ತಿಂಗಳಲ್ಲಿ ಜರ್ಮನ್, ಕೆಲಸ ಗ್ಯಾರಂಟಿ" ಪೋಸ್ಟರುಗಳು. ಲೆಕ್ಕ ಹಾಕಿ. ಅಲ್ಲಿ ಪೂರ್ತಿ ಅರ್ಹತೆಯ ನರ್ಸ್ ಆಗಲು ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ಶುರುವಿನಿಂದ ಅಲ್ಲಿಗೆ ಮುಟ್ಟಲು 45 ನಿಮಿಷದ ಪಿರಿಯಡ್‌ಗಳು 600ರಿಂದ 800 ಬೇಕಾಗುತ್ತವೆ. ಮೂರು ತಿಂಗಳಿಗೆ ಹಂಚಿದರೆ ಭಾನುವಾರವೂ ಸೇರಿ ದಿನಕ್ಕೆ ಏಳೆಂಟು ಪಿರಿಯಡ್! ನರ್ಸಿಂಗ್ ಡ್ಯೂಟಿ ಮಾಡಿಕೊಂಡು ಯಾರಿಂದ ಆಗುತ್ತದೆ? ಇಂಥವರಿಗೆ ಒಡವೆ ಅಡವಿಟ್ಟು ಅಡ್ವಾನ್ಸ್ ಕಟ್ಟಬೇಡಿ.

ಪರೀಕ್ಷೆಯ ಸರ್ಟಿಫಿಕೇಟಿಗೂ ಪದವಿಗೂ ಇನ್ನೊಂದು ವ್ಯತ್ಯಾಸವಿದೆ. ಜಪಾನಿಯ ಜೆಎಲ್‌ಪಿಟಿ ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ. ಎನ್5 ಸುಲಭ, ಎನ್1 ಕಷ್ಟ. ಆದರೆ ಅದರಲ್ಲಿ ಮಾತನಾಡುವ ಭಾಗವೇ ಇಲ್ಲ. ಓದು, ಕೇಳು, ಗುರುತು ಹಾಕು, ಅಷ್ಟೆ. ಬಾಯಿ ಬಿಡದೆ ಪಾಸಾಗಬಹುದು.

ದೆಹಲಿಯ ಜೆಎನ್‌ಯುನಲ್ಲಿ ಜಪಾನಿ, ಚೀನಿ, ಕೊರಿಯನ್, ಜರ್ಮನ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್, ಅರಬ್ಬಿ, ಪರ್ಷಿಯನ್ ಭಾಷೆಗಳಲ್ಲಿ ಬಿಎ ಆನರ್ಸ್ ಇದೆ. ಪಿಯುಸಿಯಲ್ಲಿ ಸೈನ್ಸೋ ಆರ್ಟ್ಸೋ ಕೇಳುವುದಿಲ್ಲ. ಆ ಭಾಷೆಯ ಒಂದಕ್ಷರ ಗೊತ್ತಿಲ್ಲದಿದ್ದರೂ ಮೊದಲಿನಿಂದ ಕಲಿಸುತ್ತಾರೆ. ಶುಲ್ಕ ನಮ್ಮ ಪಟ್ಟಣದ ಖಾಸಗಿ ಕಾಲೇಜುಗಳಿಗಿಂತ ಬಹಳ ಕಡಿಮೆ. ದೆಹಲಿ ದೂರ ಅನ್ನಿಸಿದರೆ ಹೈದರಾಬಾದಿನ ಇಫ್ಲೂ, ಅಂದರೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. ಅದೂ ಕೇಂದ್ರ ಸರ್ಕಾರದ್ದೇ, ಹಾಸ್ಟೆಲ್ ಇದೆ. ಜಪಾನಿ ಓದುವ ಪದವಿ ವಿದ್ಯಾರ್ಥಿಗಳಿಗೆ ಜಪಾನ್ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಒಂದು ವರ್ಷ ಅಲ್ಲಿಗೇ ಹೋಗಿ ಓದುವ ಅವಕಾಶವೂ ಉಂಟು.

ನನ್ನ ಸಿಟ್ಟು ಇರುವುದು ಇಲ್ಲಿ. ಜಪಾನಿನ ಕಂಪನಿ ಬರಲಿ ಎಂದು ನಮ್ಮ ಜಿಲ್ಲೆಯ ರೈತರು ಜಮೀನು ಬಿಟ್ಟುಕೊಟ್ಟರು. ಅದರ ಬದಲಿಗೆ ಮಕ್ಕಳಿಗೆ ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ಆ ಕಂಪನಿಯವರ ಜೊತೆ ಎದುರು ಕೂತು ಮಾತನಾಡುವ ವಿದ್ಯೆಯನ್ನು ಇಲ್ಲಿನ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಕಲಿಸಿ ಎಂದು ಯಾವ ಜನಪ್ರತಿನಿಧಿಯೂ ಕೇಳಿದ್ದನ್ನು ನಾನು ವರದಿ ಮಾಡಿಲ್ಲ. ಸಂಜೆ ಹೊತ್ತಿನ ಒಂದು ಡಿಪ್ಲೊಮಾ, ಇಬ್ಬರು ಮೇಷ್ಟ್ರು. ಕೇಳುತ್ತಿರುವುದು ಅಷ್ಟೆ. ಕಾಲೇಜಿನ ಕಟ್ಟಡಕ್ಕೆ ಸುಣ್ಣ ಬಳಿಯುವ ದುಡ್ಡಿನಲ್ಲಿ ಶುರು ಮಾಡಬಹುದು.

ಆ ಹುಡುಗಿಯ ವಿಷಯ ಏನಾಯಿತು ಎಂದು ಕೇಳುತ್ತೀರಿ. ಅವರು ನನಗೆ ಫೋನ್ ಮಾಡುವಷ್ಟರಲ್ಲಿ ಆ ವರ್ಷದ ಅರ್ಜಿಯ ದಿನಾಂಕ ಮುಗಿದಿತ್ತು. ತಾಲ್ಲೂಕಿನ ಕಾಲೇಜಿನಲ್ಲಿ ಬಿಕಾಂ ಸೇರಿದಳು.

ಅದಕ್ಕೇ ಈಗಲೇ ಹೇಳುತ್ತಿದ್ದೇನೆ. ಈ ವಿಶ್ವವಿದ್ಯಾಲಯಗಳ ಪದವಿ ಸೀಟುಗಳು 2022ರಿಂದ ಸಿಯುಇಟಿ ಪ್ರವೇಶ ಪರೀಕ್ಷೆಯ ಮೂಲಕ ಸಿಗುತ್ತಿವೆ. ಅರ್ಜಿ ಆನ್‌ಲೈನ್‌ನಲ್ಲಿ. ಸಾಮಾನ್ಯವಾಗಿ ಪಿಯುಸಿ ರಿಸಲ್ಟ್ ಬರುವ ಮೊದಲೇ ಅರ್ಜಿ ಹಾಕುವ ಅವಧಿ ಮುಗಿದಿರುತ್ತದೆ. ಆದ್ದರಿಂದ ಜನವರಿಯಿಂದಲೇ ಕಣ್ಣಿಟ್ಟಿರಿ. ಪರೀಕ್ಷೆ ನಡೆಯುವ 13 ಭಾಷೆಗಳಲ್ಲಿ ಕನ್ನಡವೂ ಒಂದು. ವಿದೇಶಿ ಭಾಷೆಯ ಪದವಿಗೆ ಇಂಗ್ಲಿಷ್ ಪತ್ರಿಕೆಯನ್ನೂ ಬರೆಯಬೇಕಾಗಬಹುದು, ಆ ವರ್ಷದ ಸೂಚನೆಯನ್ನು ಪೂರ್ತಿ ಓದಿ. ತರಗತಿಯಲ್ಲಿ ಮೊದಮೊದಲು ವಿವರಣೆ ಇಂಗ್ಲಿಷಿನಲ್ಲೇ ಇರುತ್ತದೆ, ಅದಕ್ಕೂ ತಯಾರಾಗಿ. ಈಗ ಸೆಕೆಂಡ್ ಪಿಯುಸಿಯಲ್ಲಿರುವ ಮಕ್ಕಳು ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಜಾತಿ ಪ್ರಮಾಣಪತ್ರವನ್ನು ಕೇಂದ್ರ ಸರ್ಕಾರದ ನಮೂನೆಯಲ್ಲಿ ಮಾಡಿಸಿ, ರಾಜ್ಯದ್ದು ಕೆಲವು ಕಡೆ ನಡೆಯುವುದಿಲ್ಲ. ನಾಡಕಚೇರಿಯಲ್ಲಿ ಅದಕ್ಕೆ ಎಷ್ಟು ಸಲ ಅಲೆಯಬೇಕಾಗುತ್ತದೆ ಎಂಬುದು ನಿಮಗೇ ಗೊತ್ತು, ದಸರಾ ಮುಗಿದ ಕೂಡಲೇ ಹೋಗಿ.