ಅಂತರ್ಜಾಲ ಬಾನುಲಿಗೂ ಒಂದು ದರವಿರಲಿ

ಮಾನ್ಯ ಸಂಪಾದಕರಿಗೆ,

ಬಸವೇಶ್ವರನಗರದ ನನ್ನ ಮಿತ್ರರೊಬ್ಬರ ಮನೆಯ ತಾರಸಿಯ ಮೇಲೆ, ನೀರಿನ ತೊಟ್ಟಿಗೆ ಆತುಕೊಂಡಂತಿರುವ ಹತ್ತಡಿ ಉದ್ದದ ಕೋಣೆಯಲ್ಲಿ, ಗೋಡೆಗಳಿಗೆಲ್ಲ ಮೊಟ್ಟೆಯ ಟ್ರೇಗಳನ್ನು ಅಂಟಿಸಿ, ಒಂದು ಲ್ಯಾಪ್‌ಟಾಪು ಮತ್ತು ಒಂದು ಮೈಕು ಇವಿಷ್ಟನ್ನೇ ಬಂಡವಾಳವಾಗಿಟ್ಟುಕೊಂಡು, ನಿವೃತ್ತರಾದ ನಾವು ನಾಲ್ವರು ಸಂಜೆಯ ಎರಡು ಗಂಟೆಗಳ ಕಾಲ ಅಂತರ್ಜಾಲದಲ್ಲಿ ಒಂದು ಪುಟ್ಟ ಬಾನುಲಿಯನ್ನು ನಡೆಸುತ್ತಿದ್ದೇವೆ. ಕೇಳುವವರು ಹೆಚ್ಚೆಂದರೆ ನಲವತ್ತು ಮಂದಿ. ಅವರಲ್ಲಿ ಅರ್ಧದಷ್ಟು ಜನ ನಮ್ಮ ನೆಂಟರಿಷ್ಟರೆಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಕಿಟಕಿ ಸರಿಯಾಗಿ ಮುಚ್ಚದಿದ್ದ ದಿನ ಕೆಳಗಿನ ಅಡುಗೆಮನೆಯ ಕುಕ್ಕರಿನ ಸೀಟಿಯೂ ಪ್ರಸಾರವಾಗಿಬಿಡುವುದುಂಟು. ನಮ್ಮ ಕೇಳುಗರಲ್ಲಿ ಕೆಂಗೇರಿ ಉಪನಗರದ ತಾಯಿಯೊಬ್ಬರಿದ್ದಾರೆ. ವಯಸ್ಸು ಎಂಬತ್ತೆರಡು, ಕಣ್ಣು ಮಂದವಾಗಿದೆ, ಮೊಬೈಲಿನಲ್ಲಿ ಮೊಮ್ಮಗ ಒತ್ತಿಕೊಟ್ಟ ಒಂದೇ ಗುಂಡಿಯ ಮೂಲಕ ನಮ್ಮನ್ನು ಕೇಳುತ್ತಾರೆ. 1969ರ ‘ಗೆಜ್ಜೆಪೂಜೆ’ ಚಿತ್ರದ, ವಿಜಯಭಾಸ್ಕರರ ಸಂಗೀತದ ಹಾಡುಗಳನ್ನು ಒಮ್ಮೆ ಹಾಕಿರೆಂದು ಆಕೆ ಕೇಳಿಕೊಂಡು ವರ್ಷವಾಯಿತು. ಇನ್ನೂ ಹಾಕಲಾಗಿಲ್ಲ. ಏಕೆಂಬುದನ್ನು ನಿವೇದಿಸುವುದಕ್ಕಾಗಿಯೇ ಈ ಪತ್ರ.

ಪರರ ಸ್ವತ್ತನ್ನು ಕೇಳದೆ ಬಳಸಬಾರದೆಂಬ ಸಾಮಾನ್ಯ ಸಭ್ಯತೆಗೆ ಕಟ್ಟುಬಿದ್ದು, ಧ್ವನಿಮುದ್ರಿಕೆಗಳ ಹಕ್ಕುಳ್ಳ ಸಂಗೀತ ಸಂಸ್ಥೆಯೊಂದಕ್ಕೆ ನಾವು ಬರೆದೆವು. ಬಂದ ಉತ್ತರದಲ್ಲಿ ‘ಮಿನಿಮಮ್ ಗ್ಯಾರಂಟಿ’ ಎಂಬ ಮಾತಿತ್ತು: ಎಷ್ಟು ಜನ ಕೇಳಲಿ, ಎಷ್ಟು ಹಾಡು ಹಾಕಲಿ, ವರ್ಷಾರಂಭದಲ್ಲಿಯೇ ಮುಂಗಡವಾಗಿ ಸಲ್ಲಿಸತಕ್ಕ ಕನಿಷ್ಠ ಮೊತ್ತ. ನಮ್ಮ ನಾಲ್ವರ ಒಂದು ವರ್ಷದ ಪಿಂಚಣಿಯನ್ನು ಒಟ್ಟುಗೂಡಿಸಿದರೂ ಅದನ್ನು ಮುಟ್ಟುವುದಿಲ್ಲ. ಅದು ಒಂದೇ ಸಂಸ್ಥೆಯ ಮಾತು. ಕನ್ನಡ ಚಿತ್ರಗೀತೆಗಳ ಹಕ್ಕುಗಳು ಹಲವು ಸಂಸ್ಥೆಗಳಲ್ಲಿ ಹಂಚಿಹೋಗಿರುವುದರಿಂದ ಪ್ರತಿಯೊಬ್ಬರೊಡನೆಯೂ ಬೇರೆಬೇರೆಯಾಗಿ ಚೌಕಾಸಿ ಮಾಡಬೇಕು, ಸಾಹಿತ್ಯಕ್ಕೂ ಸಂಗೀತ ಸಂಯೋಜನೆಗೂ ಮತ್ತೆ ಪ್ರತ್ಯೇಕವಾಗಿ ಸಲ್ಲಿಸಬೇಕು. ಕಾಯುತ್ತೇವೆಂದರೆ ಅದೂ ಸುಲಭವಲ್ಲ. ಧ್ವನಿಮುದ್ರಿಕೆಯ ಕೃತಿಸ್ವಾಮ್ಯ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುವುದರಿಂದ ಕೆಂಗೇರಿಯ ತಾಯಿ 2030ರ ಆಸುಪಾಸಿನವರೆಗೆ ತಾಳಬೇಕು. ಸಾಹಿತ್ಯ ಸಂಗೀತಗಳದಾದರೋ ಕರ್ತೃ ತೀರಿಕೊಂಡ ಮೇಲೆ 60 ವರ್ಷ.

ರಾಯಧನವೇ ಅನ್ಯಾಯವೆಂದು ನಾನು ವಾದಿಸುತ್ತಿಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಕವಿಯೂ ಸಂಗೀತ ಸಂಯೋಜಕನೂ ತಮ್ಮ ಹಕ್ಕನ್ನು ಒಮ್ಮೆ ಮಾರಿ ಕೈ ತೊಳೆದುಕೊಂಡು, ಹಾಡು ಊರೂರು ಸುತ್ತಿ ಹಣ ತರುತ್ತಿರುವಾಗ ಬರಿಗೈಯಲ್ಲಿ ನಿಲ್ಲುತ್ತಿದ್ದ ಪರಿಸ್ಥಿತಿಯನ್ನು 2012ರ ಕೃತಿಸ್ವಾಮ್ಯ ತಿದ್ದುಪಡಿ ಬಹುಮಟ್ಟಿಗೆ ಸರಿಪಡಿಸಿತು. ಅದು ಸ್ತುತ್ಯರ್ಹವಾದ ಕೆಲಸ. ಅದೇ ತಿದ್ದುಪಡಿ 31ಡಿ ಎಂಬ ಇನ್ನೊಂದು ಕಲಮನ್ನೂ ಸೇರಿಸಿತು. ಪ್ರಸಾರ ಸಂಸ್ಥೆಯೊಂದು ಮುಂಚಿತವಾಗಿ ನೋಟೀಸು ಕೊಟ್ಟು, ಕಾನೂನಿನ ಪ್ರಕಾರ ಗೊತ್ತುಪಡಿಸಿದ ದರವನ್ನು ಸಲ್ಲಿಸಿದರೆ, ಹಕ್ಕುದಾರನ ಮನೆಬಾಗಿಲು ಕಾಯದೆಯೇ ಹಾಡನ್ನು ಪ್ರಸಾರ ಮಾಡಬಹುದೆಂಬುದು ಅದರ ಸಾರ. ಕರ್ತೃಗಳ ಮತ್ತು ಮುಖ್ಯ ಕಲಾವಿದರ ಹೆಸರುಗಳನ್ನು ಪ್ರಸಾರದಲ್ಲಿ ಹೇಳತಕ್ಕದ್ದೆಂಬ ಷರತ್ತೂ ಅಲ್ಲಿದೆ. ನಗರದ ಎಫ್‌ಎಂ ಕೇಂದ್ರಗಳಲ್ಲಿ ಹಾಡು ಬರೆದವರ ಹೆಸರನ್ನು ಎಷ್ಟು ಸಲ ಕೇಳಿದ್ದೀರಿ ಎಂದು ಓದುಗರು ತಮ್ಮನ್ನೇ ಕೇಳಿಕೊಳ್ಳಲಿ. ನಮ್ಮ ತಾರಸಿಯ ಬಾನುಲಿಯಲ್ಲಂತೂ ಬರೆದವರು ಯಾರು, ರಾಗ ಹಾಕಿದವರು ಯಾರು ಎಂಬುದನ್ನು ಹೇಳದೆ ಹಾಡನ್ನು ಆರಂಭಿಸುವುದೇ ಇಲ್ಲ.

ದರ ಎಂಥದಿರಬಹುದೆಂಬುದಕ್ಕೆ ನಿದರ್ಶನ ನಮ್ಮಲ್ಲಿಯೇ ಇದೆ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾದಾಗಿನಿಂದ ಕೆಲವು ವರ್ಷ ‘ನೀಡಲ್ ಅವರ್’ ಎಂಬ ಲೆಕ್ಕ ನಡೆಯುತ್ತಿತ್ತು. ಗ್ರಾಮಾಫೋನಿನ ಸೂಜಿ ತಟ್ಟೆಯ ಮೇಲಿರುವ ಹೊತ್ತನ್ನು ಎಣಿಸುತ್ತಿದ್ದ ಕಾಲದ ಪದ ಅದು. ಆದಾಯವಿರಲಿ ಬಿಡಲಿ ಗಂಟೆಗಿಷ್ಟೆಂದು ತೆರಬೇಕಾದ ಈ ಪದ್ಧತಿಯಿಂದ ತಾವು ಮುಳುಗುತ್ತೇವೆಂದು ಎಫ್‌ಎಂ ಕಂಪನಿಗಳು ಮೊರೆಯಿಟ್ಟ ಮೇಲೆ, 2010ರ ಆಗಸ್ಟಿನಲ್ಲಿ ಕೃತಿಸ್ವಾಮ್ಯ ಮಂಡಳಿ ಧ್ವನಿಮುದ್ರಿಕೆಗಳಿಗೆ ನಿವ್ವಳ ಜಾಹೀರಾತು ಆದಾಯದ ಶೇ. 2ರಷ್ಟು ಎಂದು ಗೊತ್ತುಪಡಿಸಿತು. ಕೋಟಿಗಳ ವಹಿವಾಟಿನವರು ಅತ್ತಾಗ ದೊರೆತ ಸಮಾಧಾನವಿದು. ಇದೇ ಅಳತೆಯನ್ನು ನಮಗೆ ಹಿಡಿದರೆ, ರಾಜಾಜಿನಗರದ ಕಾಂಡಿಮೆಂಟ್ಸ್ ಅಂಗಡಿಯವರೂ ವಿಜಯನಗರದ ಸೀರೆಯಂಗಡಿಯವರೂ ಮನಸ್ಸು ಮಾಡಿ ವರ್ಷಕ್ಕೆ 50,000 ರೂಪಾಯಿಯ ಜಾಹೀರಾತು ಕೊಟ್ಟರೆಂದಿಟ್ಟುಕೊಳ್ಳಿ, ನಾವು ತೆರಬೇಕಾದದ್ದು 1,000 ರೂಪಾಯಿ. ಅದರ ಐದು ಪಟ್ಟನ್ನು ಕನಿಷ್ಠವೆಂದು ನಿಗದಿ ಮಾಡಿದರೂ ನಾವು ನಾಲ್ವರು ಸಂತೋಷದಿಂದ ಕೊಟ್ಟೇವು.

ಆದರೆ ಆ ಅಳತೆ ನಮಗೆ ಅನ್ವಯಿಸುವುದಿಲ್ಲ. 31ಡಿ ಕಲಮು ಅಂತರ್ಜಾಲ ಪ್ರಸಾರಕ್ಕೂ ಸಲ್ಲುತ್ತದೆಂದು ಕೇಂದ್ರ ಸರ್ಕಾರದ ಕೈಗಾರಿಕಾ ನೀತಿ ಇಲಾಖೆ 2016ರಲ್ಲಿ ಜ್ಞಾಪನವೊಂದನ್ನು ಹೊರಡಿಸಿತ್ತು. ಟಿಪ್ಸ್ ಸಂಗೀತ ಸಂಸ್ಥೆಗೂ ಏರ್‌ಟೆಲ್ ಬಳಗದ ವಿಂಕ್ ಸಂಗೀತ ಆ್ಯಪಿಗೂ ನಡೆದ ವ್ಯಾಜ್ಯದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ, ಆ ಜ್ಞಾಪನಕ್ಕೆ ಕಾನೂನಿನ ಬಲವಿಲ್ಲವೆಂದೂ, ಕಲಮು ಹೇಳುವುದು ರೇಡಿಯೊ ದೂರದರ್ಶನಗಳನ್ನೇ ಹೊರತು ಅಂತರ್ಜಾಲವನ್ನಲ್ಲವೆಂದೂ 2019ರ ಏಪ್ರಿಲಿನಲ್ಲಿ ತೀರ್ಮಾನಿಸಿತು. 2022ರ ಅಕ್ಟೋಬರಿನಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಕಲಮಿನ ಅಕ್ಷರವನ್ನು ನೋಡಿದರೆ ನ್ಯಾಯಾಲಯವನ್ನು ದೂರುವಂತಿಲ್ಲ. ಬೇಕಾದ ಹಾಡನ್ನು ಬೇಕಾದಾಗ ಆರಿಸಿ, ಇಳಿಸಿಕೊಂಡು ಇಟ್ಟುಕೊಳ್ಳಬಹುದಾದ ಆ್ಯಪು ಒಂದು ಬಗೆಯ ಅಂಗಡಿ. ಅದಕ್ಕೆ ರೇಡಿಯೊ ದರ ಸಲ್ಲದೆಂಬುದು ನ್ಯಾಯವೇ. ಆದರೆ ನಮ್ಮಲ್ಲಿ ಕೇಳುಗರು ಆರಿಸುವಂತಿಲ್ಲ, ಹಿಂದಕ್ಕೆ ಸರಿಸುವಂತಿಲ್ಲ, ಇಳಿಸಿಕೊಳ್ಳುವಂತಿಲ್ಲ. ನಾವು ಹಾಕಿದ್ದನ್ನು ಕೇಳಬೇಕು, ಬೇಸರವಾದರೆ ನಿಲ್ಲಿಸಬೇಕು. ತರಂಗದ ಮೂಲಕ ಬಂದರೇನು, ತಂತಿಯ ಮೂಲಕ ಬಂದರೇನು, ಇದು ರೇಡಿಯೊ ಅಲ್ಲದೆ ಮತ್ತೇನು? ಎರಡು ಕೋಣಗಳ ಕಾಳಗದಲ್ಲಿ ಗಿಡಕ್ಕೆ ಮೃತ್ಯು ಬಂತೆಂಬ ಗಾದೆ ನಮ್ಮ ವಿಷಯದಲ್ಲಿ ಅಕ್ಷರಶಃ ನಿಜವಾಯಿತು.

ಈ ಕಷ್ಟವನ್ನು ಅಮೆರಿಕದವರು ನಮಗಿಂತ ಮೊದಲೇ ಉಂಡಿದ್ದಾರೆ. ಅಲ್ಲಿ 2007ರಲ್ಲಿ ರಾಯಧನ ಮಂಡಳಿಯೊಂದು ಪ್ರತಿ ಕೇಳುಗನಿಗೆ ಪ್ರತಿ ಹಾಡಿಗೆ ಇಷ್ಟೆಂದು ದರ ವಿಧಿಸಿ, ಅದು 2010ರ ವೇಳೆಗೆ ಒಂದು ಸೆಂಟಿನ ಶೇ. 19 ಭಾಗವಾಗುವಂತೆ ಏರಿಸಿತು. ಕೇಳುವುದಕ್ಕೆ ಧೂಳಿನಷ್ಟು ಸಣ್ಣದು. ಆದರೆ ನೂರು ಜನ ಕೇಳುಗರಿರುವ, ಗಂಟೆಗೆ ಹದಿನೈದು ಹಾಡು ಹಾಕುತ್ತ ಹಗಲಿರುಳು ನಡೆಯುವ ಕೇಂದ್ರಕ್ಕೆ ವರ್ಷದ ಲೆಕ್ಕ ಹಾಕಿ ನೋಡಿದರೆ ಸುಮಾರು 25,000 ಡಾಲರಾಗುತ್ತದೆ. ಪಕ್ಕದ ಬೀದಿಯ ಎಫ್‌ಎಂ ಕೇಂದ್ರವಾದರೋ ಅದೇ ಧ್ವನಿಮುದ್ರಿಕೆಗೆ ಅಲ್ಲಿನ ಕಾನೂನಿನ ಪ್ರಕಾರ ಒಂದು ಬಿಡಿಗಾಸನ್ನೂ ಕೊಡಬೇಕಾಗಿಲ್ಲ. 2007ರ ಜೂನ್ 26ರಂದು ಅಲ್ಲಿನ ಅಂತರ್ಜಾಲ ಬಾನುಲಿಗಳು ಸಾಮೂಹಿಕವಾಗಿ ಮೌನ ವಹಿಸಿದುವು. ಅದಾದ ಮೇಲೆ ಸಣ್ಣವರೊಡನೆ ಆದಾಯಾನುಸಾರವಾದ ಒಪ್ಪಂದ ಮಾಡಿಕೊಳ್ಳುವುದಕ್ಕೆ ಅಲ್ಲಿನ ಸಂಸತ್ತು 2008 ಮತ್ತು 2009ರಲ್ಲಿ ಕಾನೂನು ಮಾಡಿ ಅವಕಾಶ ಕಲ್ಪಿಸಿತು. ನಲವತ್ತು ಜನ ಕೇಳುಗರ ನಾವು ಮೌನ ವಹಿಸಿದರೆ ಕೆಂಗೇರಿಯ ತಾಯಿ ಫೋನು ಮಾಡಿ ಕರೆಂಟು ಹೋಯಿತೇ ಎಂದು ವಿಚಾರಿಸುವುದಷ್ಟೇ ನಡೆದೀತು. ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾಲ್ಕು ಜನ ಮುದುಕರ ಹವ್ಯಾಸಕ್ಕೆ ಸಂಸತ್ತು ಕಾನೂನು ಮಾಡಬೇಕೇ ಎಂದು ನಗುವವರಿಗೆ ಮೈಸೂರನ್ನು ನೆನಪಿಸಬೇಕಾಗುತ್ತದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದ ಬಾನುಲಿ ಆರಂಭಿಸಿದಾಗ ಅವರ ಬಳಿಯಿದ್ದದ್ದು ಮೂವತ್ತು ವ್ಯಾಟಿನ ಪ್ರೇಷಕ. ಆ ಮನೆಯ ಬಾನುಲಿಗೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಯದಾಯಿತು. ನಮ್ಮ ಕೋಣೆಯಿಂದ ಅಂಥದೇನಾದರೂ ಹುಟ್ಟೀತೆಂಬ ಭ್ರಮೆ ನನಗಿಲ್ಲ. ಇಂಥ ಹತ್ತು ಕೋಣೆಗಳಲ್ಲಿ ಒಂದರಿಂದ ಹುಟ್ಟೀತೆಂಬ ಆಸೆಯುಂಟು.

ಕೋರುವುದು ಇಷ್ಟೇ. 31ಡಿ ಕಲಮಿನಲ್ಲಿ ‘ಕೇಳುಗರು ಹಾಡನ್ನು ಆರಿಸಲಾಗದ ಅಂತರ್ಜಾಲ ಬಾನುಲಿ’ ಎಂಬ ಮಾತನ್ನು ಸ್ಪಷ್ಟವಾಗಿ ಸೇರಿಸಲಿ. ಆದಾಯದ ಮಿತಿಯೊಂದನ್ನು ಗೊತ್ತುಮಾಡಿ, ಅದರೊಳಗಿನವರಿಗೆ ಶೇಕಡಾವಾರು ದರವನ್ನೂ ಕೈಗೆಟುಕುವ ಕನಿಷ್ಠ ಮೊತ್ತವನ್ನೂ ವಿಧಿಸಿ, ಒಂದೇ ಕಡೆ ಸಲ್ಲಿಸುವ ಏರ್ಪಾಡು ಮಾಡಲಿ. ಕಾನೂನು ತಿದ್ದುವವರೆಗೆ ನಮ್ಮ ಕನ್ನಡದ ಸಂಗೀತ ಸಂಸ್ಥೆಗಳು ತಾವಾಗಿಯೇ ಸಣ್ಣ ಬಾನುಲಿಗಳಿಗೊಂದು ದರಪಟ್ಟಿಯನ್ನು ಪ್ರಕಟಿಸಬಹುದು. ನಮ್ಮಿಂದ ಬರುವ ಹಣ ಅಲ್ಪವೇ ಆದರೂ, ಇಂದು ಅವರಿಗೆ ನಮ್ಮಿಂದ ಬರುತ್ತಿರುವುದು ಸೊನ್ನೆ.

ನಮ್ಮ ಪಶ್ಚಿಮ ಬೆಂಗಳೂರು ಲೋಕಸಭೆಯ ಮಟ್ಟಿಗೆ ಮೂರು ಹೋಳಾಗಿದೆ: ರಾಜಾಜಿನಗರ ಬೆಂಗಳೂರು ಕೇಂದ್ರಕ್ಕೆ, ವಿಜಯನಗರ ದಕ್ಷಿಣಕ್ಕೆ, ಊರಿನ ನೈರುತ್ಯದ ಕೊನೆಯಲ್ಲಿರುವ ಕೆಂಗೇರಿ ಯಾವ ದಿಕ್ಸೂಚಿಯ ಪ್ರಕಾರವೋ ಉತ್ತರಕ್ಕೆ. ಆದಕಾರಣ ಈ ಪತ್ರದ ಮೂರು ಪ್ರತಿಗಳನ್ನು ತೆಗೆಸಿ, ಮೂವರು ಸಂಸದರಿಗೂ ಅಂಚೆಯಲ್ಲಿ ಕಳುಹಿಸಿದ್ದೇನೆ. ಉತ್ತರ ಬಂದಲ್ಲಿ ಅದನ್ನೂ ತಮ್ಮ ಅವಗಾಹನೆಗೆ ತರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕ, ರಾಜಾಜಿನಗರ, ಬೆಂಗಳೂರು